ಆಟದ ಬಯಲಿನ ಜೋಳ

ಚಿಕ್ಕಹೊಳೆಕಟ್ಟಿ, ತಾ. ರಾಣೆಬೆನ್ನೂರು
೬ ಸೆಪ್ಟೆಂಬರ್ ೧೯೮೯

ಪ್ರೀತಿಯ ಮಗಳು ಮೈಲವ್ವಳಿಗೆ ಅಪ್ಪನ ತುಂಬು ಆಶೀರ್ವಾದ.

ನಿನ್ನ ಕೆಮ್ಮು ಹೇಗಿದೆ? ಬ್ಯಾಡಗಿಯ ಮೆಣಸಿನಕಾಯಿ ಘಾಟು ನಿನಗಿನ್ನೂ ಒಗ್ಗಿಲ್ಲವೆಂದು ಅಳಿಯಂದಿರು ಬರೆದಿದ್ದರು. ಬಿಸಿನೀರು ಕುಡಿ, ಹಟ ಮಾಡಬೇಡ. ನಿಮ್ಮವ್ವ ದಿನಕ್ಕೊಮ್ಮೆ ನನ್ನನ್ನು ಬೈಯುವಷ್ಟು ಗಟ್ಟಿಯಾಗಿದ್ದಾಳೆ. ನಿನ್ನ ತಂಗಿ ರೇಣುಕವ್ವ ಈಗ ಏಳನೇ ಇಯತ್ತೆ. ಮುಂದಿನ ಶಾಲೆ ಊರಲ್ಲಿಲ್ಲ, ಹೆಣ್ಣುಮಕ್ಕಳನ್ನು ರಾಣೆಬೆನ್ನೂರಿಗೆ ಕಳಿಸುವ ಧೈರ್ಯ ಇಲ್ಲಿ ಯಾರಿಗೂ ಇಲ್ಲ. ಅದಕ್ಕೇ ಊರವರೆಲ್ಲ ಸೇರಿ ಹೈಸ್ಕೂಲಿಗೆ ಅರ್ಜಿ ಹಾಕಿದ್ದೇವೆ.

ಒಂದು ಶಾಲೆಗೆ ಇಷ್ಟೊಂದು ನಿಯಮಗಳಿರುತ್ತವೆಂದು ನನಗೇನು ಗೊತ್ತು! ಕೋಣೆಗಳ ನಕಾಶೆ ಬೇಕು, ಕುಡಿಯುವ ನೀರು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಆಟಕ್ಕೆ ಎರಡೆಕರೆ ಖಾಲಿ ಬಯಲು ಬೇಕು. ಬಾವಿ ಪಕ್ಕದ ಹೊಲ ಕೊಡುತ್ತೇನೆಂದು ನಾನು ಸಭೆಯಲ್ಲಿ ಎದ್ದು ನಿಂತು ಹೇಳಿಬಿಟ್ಟೆ. ಆದರೆ ಮಳೆಗಾಲದಲ್ಲಿ ಬಿತ್ತದೆ ಬೀಳುಬಿಟ್ಟ ಹೊಲವನ್ನು ದಾನ ಕೊಟ್ಟರೆ ಜನ ಏನೆಂದಾರು? ಮೊದಲ ಪೀಕು ಶಾಲೆಗೇ ಇರಲೆಂದು ಜೋಳ ಬಿತ್ತಿದೆ. ಧಾರವಾಡದಿಂದ ಶಿಕ್ಷಣ ಇಲಾಖೆಯ ಸಾಹೇಬರು ಸ್ಥಳ ನೋಡಲು ಬಂದಾಗ ಅದು ಎದೆಮಟ್ಟ ನಿಂತಿತ್ತು. "ಯಜಮಾನ್ರ, ನಕಾಶೆದಾಗ ಆಟದ ಬಯಲು ಐತಿ, ಇಲ್ಲಿ ಜ್ವಾಳ ಐತಲ್ರಿ! ಹುಡುಗ್ರು ಎಲ್ಲಿ ಆಡಬೇಕ್ರಿ?" ಎಂದರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಒಪ್ಪಿಗೆ ಬರೆಯದೆ, ಇನ್ನೊಮ್ಮೆ ಬರುತ್ತೇನೆಂದು ಹೊರಟುಹೋದರು.

ಮರುದಿನವೇ ಊರೆಲ್ಲ ಕುಡುಗೋಲು ಹಿಡಿದು ಬಂದಿತು. ಹಸಿ ಜೋಳ ದನಗಳ ಪಾಲಾಯಿತು. ಪಕ್ಕದ ಹೊಲದ ಜಹಾಂಗೀರ ತನ್ನ ಎತ್ತು ಹೂಡಿ ಎರಡು ದಿನ ನೆಲ ಸಮ ಮಾಡಿದ. "ಕಾಕಾ, ಇನ್ನ ಇಲ್ಲಿ ಏನೂ ಬಿತ್ತಬ್ಯಾಡ್ರಿ" ಎಂದು ಕೈಮುಗಿದು ನಕ್ಕ. ನಿನ್ನೆ ರೇಣುಕವ್ವ ಗೆಳತಿಯರೊಡನೆ ಅಲ್ಲಿ ಕುಂಟೆಬಿಲ್ಲೆ ಆಡಿ ಮೈಯೆಲ್ಲ ಮಣ್ಣಾಗಿ ಬಂದಳು. ನಿಮ್ಮವ್ವ ಬೈದಳು, ನನಗೆ ಮಾತ್ರ ಬಹಳ ಸಂತೋಷವಾಯಿತು.

ಅಳಿಯಂದಿರಿಗೆ ನಮಸ್ಕಾರ ಹೇಳು, ಮೊಮ್ಮಗನಿಗೆ ನನ್ನದೊಂದು ಮುತ್ತು ಕೊಡು. ನಿಮ್ಮ ಮನೆ ತಣ್ಣಗಿರಲಿ.

ನಿನ್ನ ಅಪ್ಪ,
ಅಂಜಿನಪ್ಪ

ತಾ.ಕ.: ಟಪಾಲಿನವನು ಬಾಗಿಲಲ್ಲೇ ಕಾಯುತ್ತಿದ್ದಾನೆ. ಸಾಹೇಬರು ಬರುವ ಸೋಮವಾರ ಮತ್ತೆ ಬರುತ್ತಾರೆ. ದಾನಪತ್ರಕ್ಕೆ ಹೊಲ ಯಾರ ಹೆಸರಲ್ಲಿದೆಯೋ ಅವರದೇ ಸಹಿ ಬೇಕಂತೆ. ನಿನ್ನ ಅಜ್ಜಿ ಅದನ್ನು ನಿನ್ನ ಹೆಸರಿಗೆ ಮಾಡಿಟ್ಟು ಹೋದಳು. ಇಷ್ಟು ವರ್ಷ ಉತ್ತೂ ಬಿತ್ತೀ ನನ್ನದೇ ಎಂದುಕೊಂಡು ಮಾತು ಕೊಟ್ಟುಬಿಟ್ಟೆ. ನೀನು ಒಲ್ಲೆ ಎಂದರೆ ನನಗೆ ಸಿಟ್ಟಿಲ್ಲ. ಏಳನೇ ಇಯತ್ತೆಗೆ ನಿನ್ನ ಶಾಲೆ ಬಿಡಿಸುವಾಗ ನಿನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಈ ಸಲ ಕೇಳುತ್ತಿದ್ದೇನೆ, ಮಗಳೇ. ಕೊಡುತ್ತೀಯಾ?