ನಿಮ್ಮ ಇಲಿ ದಪ್ಪಗಾಯಿತು, ನನ್ನ ಚಟ್ನಿ ನಿಂತಿತು

ಪ್ರಾಣಿ ಪ್ರಯೋಗಾಲಯದ ಮಾನ್ಯ ನಿರ್ದೇಶಕರೇ,

ತಮ್ಮ ಇಲಿಯ ದೆಸೆಯಿಂದ ನಾನು ಕಾಯಿಚಟ್ನಿಯ ಮುಖ ನೋಡಿ ನಲವತ್ತೊಂದು ದಿನಗಳಾದವು. ಎರಡು ಎಕರೆ ತೆಂಗಿನ ತೋಟ ಇಟ್ಟುಕೊಂಡು, ಅಟ್ಟದ ತುಂಬ ಕೊಬ್ಬರಿ ಒಣಗಲು ಬಿಟ್ಟು, ಅದರ ಕೆಳಗೇ ಕುಳಿತು ಉಪ್ಪಿನಕಾಯಿ ನಂಚಿಕೊಂಡು ದೋಸೆ ತಿನ್ನುವ ಮನುಷ್ಯ ಇಡೀ ಹೊಸದುರ್ಗ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಆದದ್ದಿಷ್ಟು. ತಾವು ಇಲಿಗಳಿಗೆ ಹದಿನಾರು ವಾರ ತೆಂಗಿನೆಣ್ಣೆ ಬೆರೆಸಿದ ಆಹಾರ ಕೊಟ್ಟಿರಿ. ಅವು ತಲಾ ಐವತ್ತು ಗ್ರಾಂ ತೂಗುವಷ್ಟು ಊದಿಕೊಂಡವು, ಯಕೃತ್ತಿಗೂ ಕೊಬ್ಬು ಹತ್ತಿತು. ಪತ್ರಿಕೆಯವರು 'ತೆಂಗಿನಿಂದ ಯಕೃತ್ತಿಗೆ ಕುತ್ತು' ಎಂದು ದಪ್ಪಕ್ಷರದಲ್ಲಿ ಹಾಕಿ, ಹೀಗೆ ಕುತ್ತು ಬಂದದ್ದು ಇಲಿಗೆ ಎಂಬುದನ್ನು ಕೊನೆಯ ಸಾಲಿನಲ್ಲಿ ಹೇಳಿದರು. ನನ್ನ ಹೆಂಡತಿ ಮೀನಾಕ್ಷಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಸುದ್ದಿಯನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದಳು. ನನಗೆ ಸ್ವಲ್ಪ ಹೊಟ್ಟೆ ಬಂದಿದೆ ಎಂಬ ಆರೋಪ ಮೊದಲೇ ಇತ್ತು. ಅವತ್ತಿನಿಂದ ನನ್ನ ತಟ್ಟೆಗೆ ತೆಂಗು ನಿಷೇಧ. ಎಂಬತ್ತೆರಡರ ನನ್ನ ಅವ್ವ ಹೊನ್ನಕ್ಕನಿಗೆ ವಿನಾಯಿತಿ ಇದೆ, ಏಕೆಂದರೆ ಆಕೆಗೆ ಯಾವ ಪತ್ರಿಕೆಯೂ ಅನ್ವಯಿಸುವುದಿಲ್ಲ.

ಇಲಿಗಳ ಮೇಲೆ ನನಗೆ ಕೋಪವಿಲ್ಲ. ಅವ್ವ ದಿನಾ ನುಂಗುವ ಬಿಪಿ ಮಾತ್ರೆಯ ಹಿಂದೆ ಯಾವುದೋ ಇಲಿಯ ಜೀವ ಹೋಗಿರುತ್ತದೆ, ಆ ಋಣ ನನಗೆ ಗೊತ್ತು. ಆದರೆ ಕೇಳುತ್ತೇನೆ: ಇಲಿಯ ಊಟದಲ್ಲಿ ಅರ್ಧಕ್ಕರ್ಧ ಎಣ್ಣೆಯೇ ಇತ್ತಂತೆ. ನಾವು ಎಣ್ಣೆಯಲ್ಲಿ ಒಗ್ಗರಣೆ ಹಾಕುತ್ತೇವೆಯೇ ಹೊರತು ಈಜುವುದಿಲ್ಲವಲ್ಲ? ತಮ್ಮ ಇಲಿಗೆ ಒಂದು ದಿನವಾದರೂ ರಾಗಿಮುದ್ದೆ ಇಕ್ಕಿದ್ದಿರಾ? ತೋಟಕ್ಕೆ ನೀರು ಕಟ್ಟಲು ಕಳಿಸಿದ್ದಿರಾ?

ಬಾಯಿಮಾತು ಬೇಡವೆಂದು ನಾನೇ ಪ್ರಯೋಗಕ್ಕೆ ಇಳಿದೆ. ನಮ್ಮ ಅಟ್ಟದ ಇಲಿಗಳು ತಲೆತಲಾಂತರದಿಂದ ಕೊಬ್ಬರಿ ತಿಂದೇ ಬದುಕಿದವು. ಒಂದನ್ನು ಬೋನಿನಲ್ಲಿ ಹಿಡಿದೆ. ಕೊಬ್ಬರಿ ಮಂಡಿಯ ತಕ್ಕಡಿಗೆ ಅದು ಲೆಕ್ಕಕ್ಕೇ ಸಿಗಲಿಲ್ಲ. ಕೊನೆಗೆ ಅಕ್ಕಸಾಲಿ ಮಂಜಣ್ಣನ ಅಂಗಡಿಗೆ ಒಯ್ದೆ. "ಇಪ್ಪತ್ತೊಂದು ಗ್ರಾಂ ಐತೆ ರಂಗೇಶಣ್ಣ," ಎಂದ ಆತ. "ವೇಸ್ಟೇಜ್ ಕಳೀಲೇನು?" ಕಳೆಯದಿದ್ದರೂ ಅದು ತಮ್ಮ ಇಲಿಯ ಅರ್ಧ ತೂಕವೂ ಇರಲಿಲ್ಲ.

ಮೀನಾಕ್ಷಿ ಒಪ್ಪಲಿಲ್ಲ. "ಒಂದು ಇಲಿ ತೂಗಿದ್ರೆ ವಿಜ್ಞಾನ ಆಗಲ್ಲ ಕಣ್ರಿ. ಹೋಲಿಸಿ ನೋಡಾಕೆ ತೆಂಗು ತಿನ್ನದ ಇಲಿನೂ ಬೇಕು. ಅದಕ್ಕೆ ಕಂಟ್ರೋಲ್ ಗುಂಪು ಅಂತಾರೆ."

ಹೊಸದುರ್ಗದಲ್ಲಿ ತೆಂಗು ತಿನ್ನದ ಇಲಿಯನ್ನು ಎಲ್ಲಿಂದ ತರಲಿ ಸ್ವಾಮಿ? ಮನೆಮನೆಗೂ ಅಟ್ಟ, ಅಟ್ಟದ ತುಂಬ ಕೊಬ್ಬರಿ. ಕಡೆಗೆ ಹೊಳಲ್ಕೆರೆ ಬಸ್ಸು ಹತ್ತಿದೆ. ಅಲ್ಲಿ ಬಾಮೈದ ಪ್ರದೀಪನದು ಅಡಿಕೆ ಮಂಡಿ. ಅಲ್ಲಿನ ಇಲಿಗಳಿಗೆ ಹಮಾಲರು ಉದುರಿಸಿದ ಮಂಡಕ್ಕಿಯೇ ಮೃಷ್ಟಾನ್ನ. ಒಂದನ್ನು ಹಿಡಿದು, ಬೋನಿಗೆ ಟವೆಲ್ ಹೊದಿಸಿ, ತೊಡೆಯ ಮೇಲಿಟ್ಟುಕೊಂಡು ತಂದೆ. ಮಂಜಣ್ಣ ತೂಗಿದ: ಮೂವತ್ಮೂರು ಗ್ರಾಂ. ತೆಂಗು ತಿನ್ನದ್ದೇ ದಪ್ಪ! ಮನೆಗೆ ಓಡುವಾಗ ಮೂಗಿಗೆ ಚಟ್ನಿಯ ಘಮ ಬಂದಂತಾಯಿತು.

ಮೀನಾಕ್ಷಿ ಕನ್ನಡಕ ಸರಿಮಾಡಿಕೊಂಡು ಬೋನಿನೊಳಗೆ ಬಗ್ಗಿ ನೋಡಿದಳು. "ಬಸುರಿ ಐತೆ ಕಣ್ರಿ ಅದು," ಎಂದಳು.

ಮೂರನೇ ದಿನ ಆರು ಮರಿಗಳು. ಅವ್ವ ಬಂದು ಬೋನಿನ ಮುಂದೆ ಕುಂತಳು. "ಲೇ ರಂಗ, ಬಾಣಂತಿಗೆ ಬರೀ ಮಂಡಕ್ಕಿ ಇಕ್ತೀಯೇನೋ? ಅಟ್ಟ ಹತ್ತು, ಒಂದು ಗಿಟುಕು ಕೊಬ್ಬರಿ ತಗಂಡ್ ಬಾ. ಒಂಚೂರು ಬೆಲ್ಲನೂ ಹಾಕು."

"ಅತ್ತೆ ಹೇಳೋದು ಸರಿ ಐತೆ," ಎಂದಳು ವಿಜ್ಞಾನದ ಮೇಡಂ. "ಬಾಣಂತಿಗೆ ಶಕ್ತಿ ಬೇಕು."

ಅಟ್ಟ ಹತ್ತಿದವನು ನಾನು. ಕೊಬ್ಬರಿ ತುರಿದವನೂ ನಾನು. ಬೆರಳಿಗೆ ಅಂಟಿದ ತುರಿಯನ್ನು ಬಾಯಿಗಿಡಲು ಹೋದಾಗ ಅಡುಗೆಮನೆಯಿಂದ ಒಂದು ಕೆಮ್ಮು ಕೇಳಿಸಿತು. ಬೆರಳನ್ನು ಪಂಚೆಗೆ ಒರೆಸಿಕೊಂಡೆ. ಆ ಕ್ಷಣ ನನಗೆ ನಿಜಕ್ಕೂ ಅಳು ಬಂತು ಎಂದರೆ ತಾವು ನಗಬಾರದು.

ಹೀಗೆ ಹೊಳಲ್ಕೆರೆಯ ಇಲಿಯೂ ಕೈತಪ್ಪಿ, ನಮ್ಮೂರಿನಲ್ಲಿ ತೆಂಗು ತಿನ್ನದೆ ಉಳಿದ ಜೀವಿ ಒಂದೇ ಒಂದು. ಅಂದರೆ ಮೀನಾಕ್ಷಿ ಕೇಳಿದ ಕಂಟ್ರೋಲ್ ಗುಂಪು ನಾನೇ. ನಿನ್ನೆ ಮಂಡಿಯ ತಕ್ಕಡಿಯ ಮೇಲೆ ನಿಂತೆ. ತೆಂಗು ಬಿಟ್ಟ ಮೇಲೆ ಎರಡು ಕೆಜಿ ಹೆಚ್ಚಾಗಿದ್ದೇನೆ. ದುಃಖಕ್ಕೆ ಹೋಟೆಲಿನಲ್ಲಿ ತಿಂದ ಬೋಂಡಾಗಳನ್ನು ಇದರಲ್ಲಿ ತರಬಾರದಾಗಿ ವಿನಂತಿ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಇನ್ನು ಮುಂದೆ ತಮ್ಮ ಪ್ರಯೋಗದ ಸುದ್ದಿಯಲ್ಲಿ 'ಇಲಿ' ಎಂಬ ಪದ ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ದಪ್ಪಕ್ಷರದಲ್ಲಿ ಬರುವಂತೆ ನೋಡಿಕೊಳ್ಳಬೇಕು. ಮತ್ತು ನನ್ನನ್ನು ಈ ಕೂಡಲೇ ತೆಂಗು ತಿನ್ನುವ ಗುಂಪಿಗೆ ವರ್ಗಾಯಿಸಿ, ಸಹಿ, ಮೊಹರಿನೊಂದಿಗೆ ಆದೇಶ ಹೊರಡಿಸಬೇಕು. ಆದೇಶವನ್ನು ನನ್ನ ಹೆಸರಿಗೆ ಕಳಿಸಬೇಡಿ, ಮೀನಾಕ್ಷಿಯ ಹೆಸರಿಗೆ ಕಳಿಸಿ. ಫ್ರಿಜ್ಜಿನ ಮೇಲೆ ಇನ್ನೂ ಒಂದು ಕಾಗದಕ್ಕೆ ಜಾಗವಿದೆ.

ಇಂತಿ,
ತನ್ನ ಮನೆಯಲ್ಲೇ ಇಲಿಗಿಂತ ಒಂದು ಮೆಟ್ಟಿಲು ಕೆಳಗಿರುವ,
ರಂಗೇಶ್
ತೆಂಗು ಬೆಳೆಯುವವನು, ತಿನ್ನುವವನಲ್ಲ
ಹೊಸದುರ್ಗ