ಟೈರು ಆರಿಸಿದವಳಿಗೆ ಕೀಲಿ

ಮಲ್ಲೇಶ್ವರಿ,

ನಾನು ಬಸ್ಸಿನಲ್ಲಿ ನಂದವರಂ ಊರಿಗೆ ಹೊರಟೆ. ಪಿಕಪ್ ಗಾಡಿಯ ಕೀಲಿ ಮೊಳೆಗೆ ಹಾಕಿದ್ದೇನೆ. ಊರೊಳಗೆ ಓಡಿಸಿದ್ದು ಸಾಕು, ಇವತ್ತು ಹತ್ತಿ ಆದೋನಿ ಮಾರ್ಕೆಟ್ಟಿಗೆ ನೀನೇ ಒಯ್ಯಿ.

ಅಂಗಡಿಯಲ್ಲಿ ನೀನು ದೊಡ್ಡ ಹಲ್ಲಿನ ಟೈರು ಬೇಡ ಎಂದಾಗ ನಿನ್ನ ಮೇಲೆ ರೇಗಿದ್ದೆ. "ಅಪ್ಪಾ, ದಿನಾ ಓಡೋದು ಡಾಂಬರಿನ ಮ್ಯಾಗ. ಕೆಸರು ಹೊಲದ ದಾರ್ಯಾಗ ಅಷ್ಟ. ಈ ಅಗ್ಗದ್ದು ಎರಡಕ್ಕೂ ಆಕ್ಕೈತಿ" ಎಂದು ನೀನು ಅಂದಿದ್ದೆ. ನಿನ್ನೆ ಎರೆಮಣ್ಣಿನ ಕೆಸರಲ್ಲಿ ನಮ್ಮ ಓಣಿಯ ತಿಪ್ಪೇಶನ ಗಾಡಿ ಹೂತಿತು, ನಮ್ಮದು ಲೋಡ್ ಸಮೇತ ದಾಟಿತು. ಸಂಜೆ ಓಣಿಯಲ್ಲಿ ಅವನು "ಟೈರು ಯಾರು ಆರಿಸಿದ್ರು ಮಾವಾ?" ಎಂದ. "ನನ್ನ ಮಗಳು" ಎಂದೆ, ಓಣಿಗೆಲ್ಲ ಕೇಳುವಂತೆ.

ಹೊಸ ಟೈರಿಗೆ ನಿಂಬೆಹಣ್ಣು ತುಳಿಸುವುದನ್ನೇ ಮರೆತಿದ್ದೇವೆ. ನಾಲ್ಕು ಹಣ್ಣು ಸೀಟಿನ ಮೇಲಿವೆ. ತುಳಿಸಿಯೇ ಹೊರಡು.

ಮಾರ್ಕೆಟ್ಟಿನಲ್ಲಿ ಗಾಡಿ ಯಾರದೆಂದು ಕೇಳಿದರೆ ನನ್ನ ಹೆಸರು ಹೇಳಬೇಡ. ನಿನ್ನ ಹೆಸರು ಹೇಳು.

ಅಪ್ಪ