ದಾದಿಮಾ ತಾಲೀಮಿಗೆ ಸೇರಿದ ಲೆಕ್ಕ

ಬ್ಯಾಡಗಿ
೧೨ ಜೂನ್ ೧೯೮೯

ಪ್ರೀತಿಯ ಅಬ್ಬಾ,

ನಿಮ್ಮ ಮಹಮೂದಾಳ ಸಲಾಮುಗಳು. ಮುಂಬಯಿಯಲ್ಲಿ ಮಳೆ ಹಿಡಿದಿದೆಯೆಂದು ರೇಡಿಯೋದಲ್ಲಿ ಕೇಳಿದೆವು. ನಿಮ್ಮ ಕೆಮ್ಮು ಹೇಗಿದೆ? ಮೆಣಸಿನಕಾಯಿ ಅಂಗಡಿಯ ಗುಮಾಸ್ತರು ಕೆಮ್ಮನ್ನೂ ಪಗಾರದ ಭಾಗವೆಂದು ಭಾವಿಸಬಾರದು. ದಯವಿಟ್ಟು ಔಷಧ ತೆಗೆದುಕೊಳ್ಳಿ. ಅಮ್ಮಿ ಕ್ಷೇಮವಾಗಿದ್ದಾಳೆ, ಎಂದಿನಂತೆ ಬೆಳಗಾದೊಡನೆ ಗೋದಾಮಿನ ಕೆಲಸಕ್ಕೆ ಹೊರಡುತ್ತಾಳೆ.

ನಿಮ್ಮ ತಾಯಿಯನ್ನು, ನಮ್ಮ ದಾದಿಮಾಳನ್ನು, ಹಿಡಿದೆಬ್ಬಿಸಲು ಹಗಲು ಹೊತ್ತಿನಲ್ಲಿ ಒಬ್ಬರು ಮನೆಯಲ್ಲಿರಲೇಬೇಕು, ಆದ್ದರಿಂದ ಧಾರವಾಡದ ಎಂ.ಎ. ಬೇಡವೆಂದು ಬರೆದಿದ್ದೀರಿ. ಮಲಂಗಸಾಬರ ತಾಲೀಮಿಗೆ ಅವಳನ್ನು ಕಳಿಸುವುದು ದುಂದುವೆಚ್ಚವೆಂದೂ ಬರೆದಿದ್ದೀರಿ. ಅರ್ಥಶಾಸ್ತ್ರದಲ್ಲಿ ಕಾಲೇಜಿಗೇ ಮೊದಲಿಗಳಾದ ನಾನು ಕಣ್ಣೀರಿನಿಂದ ಉತ್ತರಿಸಿದರೆ ಶೋಭಿಸದು. ‘ಹಾಕಿದ್ದೆಷ್ಟು, ಬಂದದ್ದೆಷ್ಟು’ ಎಂಬ ನಿಮ್ಮ ಪ್ರಶ್ನೆಯನ್ನೇ ಹಿಡಿದು ಉತ್ತರಿಸುತ್ತೇನೆ.

ದಾದಿಮಾಳಂತೆ ಜೀವಮಾನವಿಡೀ ನೆಲದ ಮೇಲೆ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸಿದವರ ಮೊಣಕಾಲು ಕೊನೆಗೆ ಮಡಿಸಿದಲ್ಲೇ ನಿಂತುಬಿಡುತ್ತದೆ. ರಾಣೇಬೆನ್ನೂರಿನ ಡಾಕ್ಟರು ಸೂಜಿಯ ಜೊತೆಗೆ ವ್ಯಾಯಾಮವನ್ನೂ ಹೇಳಿದ್ದರಲ್ಲವೇ? ಗರಡಿಯಲ್ಲಿ ಹುಡುಗರಿಗೆ ಕುಸ್ತಿ ಕಲಿಸಿ ಮುದುಕರಾದ ಮಲಂಗಸಾಬರು ಅದನ್ನು ಕಲಿಸಲು ಒಪ್ಪಿದರು. ಗೋದಾಮಿನ ಖಾಲಿ ಕಟ್ಟೆಯ ಮೇಲೆ ನಮ್ಮ ಓಣಿಯ ಮುದುಕಿಯರೆಲ್ಲ ಮೆಣಸಿನಕಾಯಿ ಚೀಲಗಳ ಆಸರೆ ಹಿಡಿದು ಏಳುವುದು, ಕೂರುವುದು. ಮೊದಲ ಶನಿವಾರ ಒಂದು ಪ್ರಸಂಗ ನಡೆಯಿತು. ಗೋದಾಮಿನಲ್ಲಿ ವಾರದ ಕೂಲಿಯ ಬಟವಾಡೆ ಶನಿವಾರವಲ್ಲವೇ, ತಾಲೀಮು ಮುಗಿದೊಡನೆ ಇವರೂ ಸಾಲುಗಟ್ಟಿ ನಿಂತರು! ಪಕ್ಕದ ಮನೆಯ ಹೊನ್ನವ್ವ ಸೆರಗೊಡ್ಡಿ, “ಮೈ ಮುರದು ದುಡದೇವಿ, ಪಗಾರ ಎಲ್ಲೈತೋ ಪೈಲ್ವಾನಾ?” ಎಂದಳು. ಮಲಂಗಸಾಬರು ಗಾಬರಿಯಾಗಿ, “ಅವ್ವಾರ, ರೊಕ್ಕಾ ನೀವ ನನಗ ಕೊಡಬೇಕ್ರಿ!” ಎಂದರು. ನಾನು ನಗು ತಡೆಯಲಾರದೆ ಗೋಡೆಗೆ ಮುಖ ತಿರುಗಿಸಿದೆ. ಆದರೆ ದಾದಿಮಾ ನಗಲಿಲ್ಲ. “ಕೊಡೂದು ನಾವಾದ್ರ ಒಂದ ದಿನಾನೂ ತಪ್ಪಸಬ್ಯಾಡ್ರೇ, ನಮ್ಮ ರೊಕ್ಕಾ ಹಾಳಾಕ್ಕಾವು” ಎಂದಳು. ಅಂದಿನಿಂದ ಯಾರೂ ತಪ್ಪಿಸಿಲ್ಲ. ಮಲಂಗಸಾಬರು ಜ್ವರದಿಂದ ಮಲಗಿದ ದಿನ ಎಲ್ಲರೂ ಅವರ ಅಂಗಳಕ್ಕೇ ಹೋಗಿ, ಅವರ ಹೊರಸಿನ ಕಾಲು ಹಿಡಿದುಕೊಂಡು ಎದ್ದು ಕುಳಿತು ಬಂದರಂತೆ!

ಈಗ ಲೆಕ್ಕ. ಮಲಂಗಸಾಬರ ತಿಂಗಳ ಗೌರವಧನವನ್ನು ಎಲ್ಲರೂ ಹಂಚಿಕೊಂಡರೆ ನಮ್ಮ ಪಾಲು, ಸೂಜಿಗೆಂದು ನಾವಿಬ್ಬರೂ ರಾಣೇಬೆನ್ನೂರಿಗೆ ಒಮ್ಮೆ ಹೋಗಿಬರುವ ಬಸ್ ಚಾರ್ಜಿಗಿಂತ ಕಡಿಮೆ. ಖರ್ಚನ್ನು ಬರಿದೇ ನೋಡಬಾರದು. ಆ ಖರ್ಚು ಮಾಡದಿದ್ದರೆ ಬೇರೆಲ್ಲಿ ಎಷ್ಟು ಹೋಗುತ್ತಿತ್ತೆಂದು ಕೇಳಬೇಕೆಂಬುದು ನಮ್ಮ ಶಾಸ್ತ್ರದ ಮೊದಲ ಪಾಠ. ಯುಗಾದಿಯಿಂದೀಚೆಗೆ ನಾವು ಸೂಜಿಗೆ ಹೋಗಿಲ್ಲ. ನೋವು ಪೂರ್ತಿ ಹೋಗಿದೆಯೆಂದು ಸುಳ್ಳು ಹೇಳಲಾರೆ. ನಮಾಜನ್ನು ಅವಳು ಇನ್ನೂ ಸ್ಟೂಲಿನ ಮೇಲೆ ಕುಳಿತೇ ಮಾಡುತ್ತಾಳೆ. ಆದರೆ ಹಾಸಿಗೆಯಿಂದ ತಾನೇ ಏಳುತ್ತಾಳೆ, ಬಚ್ಚಲಿಗೆ ತಾನೇ ಹೋಗುತ್ತಾಳೆ. ನಾನು ಕೈ ಚಾಚಿದರೆ, “ದೂರ ಸರಿ, ನನ್ನ ತಾಲೀಮ ಕೆಡಸಬ್ಯಾಡ” ಎಂದು ಗದರುತ್ತಾಳೆ. ಇದಕ್ಕಿಂತ ಅಗ್ಗದಲ್ಲಿ ಇಷ್ಟು ಲಾಭ ತಂದ ವ್ಯಾಪಾರವನ್ನು ನಿಮ್ಮ ಮುಂಬಯಿಯಲ್ಲಿ ಕಂಡಿದ್ದರೆ ತಿಳಿಸಿ. ಈ ಲಾಭದಲ್ಲಿ ನನ್ನ ಎರಡು ವರ್ಷದ ಓದನ್ನು ನಾನಿನ್ನೂ ಸೇರಿಸಿಲ್ಲ; ಅದನ್ನು ಸೇರಿಸುವ ಅಧಿಕಾರ ನಿಮ್ಮದು.

ಹಿರಿಯರಿಗೆಲ್ಲ ನನ್ನ ಆದಾಬ್. ನಿಮ್ಮ ದುವಾ ನನ್ನ ಮೇಲಿರಲಿ.

ಇಂತು, ನಿಮ್ಮ ಹೆಮ್ಮೆಯ (ಮತ್ತು ಸ್ವಲ್ಪ ಹಟದ) ಮಗಳು,
ಮಹಮೂದಾ

ತಾ.ಕ.: ಎಂ.ಎ. ಅರ್ಜಿಗೆ ಮುಂದಿನ ಶನಿವಾರವೇ ಕಡೆಯ ದಿನ. ದಾದಿಮಾ ಬುರ್ಖಾ ತೊಟ್ಟು ಬಾಗಿಲಲ್ಲಿ ನಿಂತಿದ್ದಾಳೆ; ಈ ಪತ್ರವನ್ನು ತಾನೇ ಟಪಾಲಿಗೆ ಹಾಕಿ, ಹಾಗೆಯೇ ಬಸ್ಸು ಹತ್ತಿ ರಾಣೇಬೆನ್ನೂರಿನ ಬಿಸ್ಮಿಲ್ಲಾ ಅತ್ತೆಯ ಮನೆಗೆ ಒಬ್ಬಳೇ ಹೋಗುವಳಂತೆ. ನೀವು ಒಪ್ಪುವವರೆಗೆ ಮರಳುವುದಿಲ್ಲವಂತೆ. ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತಿದ್ದೇನೆ: “ನಿಮ್ಮಪ್ಪಗ ಬರಿ, ಹಿಡದ ಎಬ್ಬಸಾಕ ಮನ್ಯಾಗ ಮುದುಕೀನ ಇಲ್ಲ ಅಂತ.”